ಅಟ್ಟದ ಮೇಲಿನ ಬೂಟು

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ನಿಮ್ಮಂಥ ಗೃಹಿಣಿಯರಿಗೆ ಎರಡು ತಲೆನೋವು. ಒಂದು, ಅಟ್ಟ ಗುಡಿಸುವುದು. ಇನ್ನೊಂದು, ಯಾರಿಗೆ ಏನು ಉಡುಗೊರೆ ಕೊಡುವುದು ಎಂದು ಲೆಕ್ಕ ಹಾಕುವುದು. ಹೋದ ವರ್ಷ ನನಗೆ ಈ ಎರಡೂ ಒಂದೇ ದಿನ, ಒಂದೇ ಏಣಿಯ ಮೇಲೆ ಎದುರಾದವು. ಆ ಕತೆ ಹೇಳುತ್ತೇನೆ, ಕೇಳಿ. ನಿಮ್ಮ ಮನೆಯಲ್ಲೂ ಬೆಟ್ಟ, ಕಾಡು ಎಂದರೆ ಪ್ರಾಣ ಬಿಡುವ ಮಗಳೋ ಸೊಸೆಯೋ ತಮ್ಮನೋ ಇದ್ದರೆ ಉಪಯೋಗಕ್ಕೆ ಬಂದೀತು.

ಹಳೆಯ ಹಿತ್ತಾಳೆ ಕೊಳಗ ಕೆಳಗಿಳಿಸಲೆಂದು ಅಟ್ಟ ಹತ್ತಿದ್ದೆ. ಅದರ ಹಿಂದೆ ಪೇಪರಿನಲ್ಲಿ ಸುತ್ತಿಟ್ಟ ಒಂದು ಗಂಟು ಸಿಕ್ಕಿತು. ಬಿಚ್ಚಿ ನೋಡಿದರೆ ಒಂದು ಜೊತೆ ಬೂಟು. ಹೆಂಗಸರ ಅಳತೆಯದು, ಕಂದು ಬಣ್ಣ, ಲೇಸು ಕೂಡ ಒಪ್ಪವಾಗಿ ಕಟ್ಟಿದೆ. ಕೈಯಲ್ಲಿ ಹಿಡಿದದ್ದೇ ತಡ, ಅಟ್ಟೆ ನೆನೆದ ಬಿಸ್ಕತ್ತಿನಂತೆ ಪುಡಿಪುಡಿಯಾಗಿ ಉದುರಿತು.

"ಇದು ಯಾರದೇ?" ಎಂದೆ. ಸೊಸೆ ಕೆಳಗೆ ದೀಪ ತಿಕ್ಕುತ್ತಿದ್ದಳು.

"ನಂದೇ ಅತ್ತೆ. ಬಿಡಿ, ಗುಜರಿಗೆ ಹಾಕೋಣ" ಎಂದು ಮತ್ತೆ ದೀಪದ ಕಡೆ ಮುಖ ತಿರುಗಿಸಿದಳು. ಆ ಮುಖ ತಿರುಗಿಸಿದ ರೀತಿ ನನಗೆ ಯಾಕೋ ಸರಿಬರಲಿಲ್ಲ.

ನಮ್ಮ ಸೊಸೆ ಕಾಲೇಜಿನ ದಿನಗಳಲ್ಲಿ ಚಾರಣದ ಹುಚ್ಚಿನವಳು. ಕುಮಾರ ಪರ್ವತ ಹತ್ತಿದ್ದಳು, ಕುದುರೆಮುಖಕ್ಕೆ ಎರಡು ಸಲ ಹೋಗಿದ್ದಳು. ಹೆಣ್ಣು ನೋಡಲು ಹೋದಾಗ ಅವರ ಮನೆ ಗೋಡೆಯ ಮೇಲೆ ಅವಳು ಬೆಟ್ಟದ ತುದಿಯಲ್ಲಿ ನಿಂತು ನಗುವ ಫೋಟೋ ಇತ್ತು. ನಾವೆಲ್ಲ ಮೆಚ್ಚಿಕೊಂಡಿದ್ದೆವು. ಮದುವೆಯಾಗಿ ನಾಲ್ಕು ವರ್ಷ, ಮಗುವಿಗೆ ಎರಡು ತುಂಬಿದೆ. ಈ ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ಬೆಟ್ಟದ ಮಾತು ಎತ್ತಿರಲಿಲ್ಲ. ಆಸಕ್ತಿ ಹೋಯಿತೇನೋ ಅಂದುಕೊಂಡಿದ್ದೆ.

ರಾತ್ರಿ ಮಗನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೇ ಅಲ್ವೇನಮ್ಮ ಹೇಳಿದ್ದು?" ಎಂದ.

ನಾನೇ! ನೆನಪಾಯಿತು. ಬೀಗರೂಟದ ದಿನ ನೆಂಟರ ಮುಂದೆ ತಮಾಷೆಗೆ ಅಂದಿದ್ದೆ: "ಇನ್ನು ಬೆಟ್ಟ ಹತ್ತೋದೆಲ್ಲ ಮುಗೀತು ಕಣ್ರೀ, ನಮ್ಮನೆ ಮೆಟ್ಟಿಲು ಹತ್ತಿದಳಲ್ಲ!" ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಮಾರನೆಯ ದಿನ ಬೂಟು ಅಟ್ಟ ಸೇರಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹತ್ತನೇ ತರಗತಿಯಲ್ಲಿದ್ದಾಗ ಸ್ಕೂಲಿನಿಂದ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗುವವರಿದ್ದರು. ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ ಅದು, ಸುಮಾರು 1,930 ಮೀಟರ್. ಅಮ್ಮ ಕೋಡುಬಳೆ ಕರಿದು ಡಬ್ಬಿ ತುಂಬಿಸಿದ್ದಳು. ಹಿಂದಿನ ಸಂಜೆ ಅಪ್ಪ, "ಹೆಣ್ಣುಮಕ್ಕಳಿಗೆ ಬೆಟ್ಟ ಯಾಕೆ?" ಅಂದರು. ಅಷ್ಟೇ. ಆ ಕೋಡುಬಳೆಯನ್ನು ಎರಡು ದಿನ ಮನೆಯಲ್ಲೇ ಕೂತು ತಿಂದೆವು. ಅಪ್ಪ ಗದರಿಸಿ ಹೇಳಿದ್ದರು, ನಾನು ನಗಿಸಿ ಹೇಳಿದೆ. ವ್ಯತ್ಯಾಸ ಅಷ್ಟೇ ತಾನೆ?

ಬೆಳಿಗ್ಗೆ ಎದ್ದವಳೇ ತೀರ್ಮಾನ ಮಾಡಿದೆ. ಈ ಹಬ್ಬಕ್ಕೆ ಸೊಸೆಗೆ ಸೀರೆ ಇಲ್ಲ. ಮೂರು ವರ್ಷದಿಂದ ರೇಷ್ಮೆ ಸೀರೆ, ಬೆಳ್ಳಿ ಕುಂಕುಮ ಭರಣಿ, ಮತ್ತೆ ಸೀರೆ ಕೊಟ್ಟಾಗಿತ್ತು. ಎಲ್ಲವನ್ನೂ ಕಣ್ಣಿಗೊತ್ತಿಕೊಂಡು ಬೀರುವಿನಲ್ಲಿ ಇಟ್ಟಿದ್ದಳು. ಈ ಸಲ ಕಾಡಿಗೆ ಬೇಕಾದದ್ದು ಕೊಡಬೇಕು. ಆದರೆ ಏನು? ನನಗೇನು ಗೊತ್ತು! ನನ್ನ ತಮ್ಮನ ಮಗ ಬೆಟ್ಟ ಸುತ್ತುವವನೇ. ಅವನಿಗೆ ಫೋನು ಮಾಡಿ ಒಂದು ಗಂಟೆ ತಲೆ ತಿಂದೆ.

ಮೊದಲು ಬೂಟನ್ನೇ ಕೊಂಡು ತಂದು ಆಶ್ಚರ್ಯಪಡಿಸೋಣ ಎಂದಿದ್ದೆ. "ಆ ತಪ್ಪು ಮಾಡಬೇಡಿ ಅತ್ತೆ" ಅಂದ. ಬೂಟು ಹಾಕಿ ನೋಡಿಯೇ ಕೊಳ್ಳಬೇಕಂತೆ. ಅದೂ ಸಂಜೆ ಹೊತ್ತು, ಏಕೆಂದರೆ ದಿನವಿಡೀ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ. ಬೆಟ್ಟದ ಮೇಲೂ ಹಾಗೇ ಊದುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು, ಬೆರಳ ತುದಿಯಲ್ಲಿ ಹೆಬ್ಬೆರಳಗಲ ಜಾಗ ಉಳಿಯಬೇಕು. ಇಳಿಯುವಾಗ ಬೆರಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗುವುದು ಅದಿಲ್ಲದ್ದಕ್ಕೇ.

ಹಳೆಯ ಬೂಟನ್ನು ಒಂದು ಆಸೆಯಿಂದ ಚಮ್ಮಾರರ ಹತ್ತಿರ ಒಯ್ದಿದ್ದೆ. ಅವರು ತಿರುಗಿಸಿ ನೋಡಿ, "ಇದು ಹಾಕಿ ಹಾಳಾಗಿದ್ದಲ್ಲ ತಾಯಿ, ಹಾಕದೆ ಹಾಳಾಗಿದ್ದು" ಅಂದರು. ಇಂಥ ಅನೇಕ ಬೂಟುಗಳ ಅಟ್ಟೆಯೊಳಗೆ ಪಾಲಿಯುರೆಥೇನ್ ಎಂಬ ಮೆತ್ತನೆಯ ಪದರ ಇರುತ್ತದೆ. ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಗಾಳಿಯ ತೇವಕ್ಕೆ ಅದು ತಾನಾಗಿಯೇ ಮುರಿದು ಪುಡಿಯಾಗುತ್ತದೆ. ನಡೆದಾಡುತ್ತಿದ್ದರೆ ಹೆಚ್ಚು ಬಾಳುತ್ತದೆ. ಆ ಮಾತು ಕೇಳಿ ನನಗೆ ಬೂಟಿನದಷ್ಟೇ ಯೋಚನೆ ಬರಲಿಲ್ಲ, ಸೋದರಿಯರೆ.

ಇನ್ನು ನಮ್ಮ ಕೈಯಲ್ಲೇ ಆಗುವ ಉಡುಗೊರೆಗಳು. ಮಲೆನಾಡಿನ ಬೆಟ್ಟ ಎಂದರೆ ಇಂಬಳ. ಮಳೆ ನಿಂತರೂ ದೀಪಾವಳಿವರೆಗೆ ಅದರ ಕಾಟ ಇದ್ದದ್ದೇ. ಅದಕ್ಕೆ ಮೊಣಕಾಲಿನವರೆಗೆ ಬರುವ ಬಟ್ಟೆಯ ಚೀಲ ಹೊಲಿಯಬಹುದು. ಒತ್ತು ನೇಯ್ಗೆಯ ಕೋರಾ ಬಟ್ಟೆ ಇರಲಿ. ತಿಳಿ ಬಣ್ಣವಾದರೆ ಹತ್ತುವ ಇಂಬಳ ಕಣ್ಣಿಗೆ ಬೀಳುತ್ತದೆ. ಪಾದವನ್ನು ಪೇಪರಿನ ಮೇಲಿಟ್ಟು ಗುರುತು ಮಾಡಿ ಸ್ವಲ್ಪ ಸಡಿಲವಾಗಿ ಕತ್ತರಿಸಿ. ಎರಡೆರಡು ಹೊಲಿಗೆ ಹಾಕಿ, ಹೊಲಿಗೆಯ ಅಂಚು ಹೊರಗಡೆ ಬರಲಿ, ಇಲ್ಲದಿದ್ದರೆ ಕಾಲಿಗೆ ಒತ್ತುತ್ತದೆ. ಮೇಲ್ತುದಿಗೆ ಲಾಡಿ. ಕಾಲುಚೀಲದ ಮೇಲೆ ಇದನ್ನು ಎಳೆದು, ಪ್ಯಾಂಟನ್ನು ಒಳಗೆ ಸೇರಿಸಿ ಕಟ್ಟಿಕೊಂಡು ಆಮೇಲೆ ಬೂಟು ಹಾಕಬೇಕು. ಜೊತೆಗೆ ಒಂದು ಬಟ್ಟೆಯಲ್ಲಿ ಉಪ್ಪಿನ ಗಂಟು. ಇಂಬಳ ಕಚ್ಚಿದರೆ ಅದು ಬಿದ್ದ ಮೇಲೂ ರಕ್ತ ಒಸರುತ್ತದೆ, ಏಕೆಂದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿದೆ. ಗಾಬರಿ ಬೇಡ. ತೊಳೆದು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ.

ಹೆಣಿಗೆ ಬರುವವರು ಉಲ್ಲನ್ನಿನ ಟೋಪಿ, ಕಾಲುಚೀಲ ಹೆಣೆಯಿರಿ. ಹತ್ತಿ ನೆನೆದರೆ ಬೇಗ ಒಣಗದು, ಮೈಗೆ ಅಂಟಿಕೊಂಡು ಚಳಿ ಹಿಡಿಸುತ್ತದೆ. ಉಣ್ಣೆ ಸ್ವಲ್ಪ ನೆನೆದರೂ ಬೆಚ್ಚಗೇ ಇರುತ್ತದೆ. ಆದ್ದರಿಂದ ಚೆಂದ ಎಂದು ದಪ್ಪ ಹತ್ತಿಯ ಅಂಗಿ, ಜೀನ್ಸ್ ಕೊಡಬೇಡಿ.

ಕಡಿಮೆ ಖರ್ಚಿನದೆಂದರೆ ಒಂದು ಪೀಪಿ, ಅಂದರೆ ಸ್ಕೂಲಿನ ಡ್ರಿಲ್ ಮೇಷ್ಟ್ರು ಊದುವಂಥ ವಿಸಲ್. ದಾರಿ ತಪ್ಪಿದರೆ ಕೂಗಿ ಗಂಟಲು ಕಟ್ಟುತ್ತದೆ, ಪೀಪಿ ಕಟ್ಟುವುದಿಲ್ಲ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ ಊದುವುದು ಬೆಟ್ಟ ಹತ್ತುವವರಲ್ಲಿ ರೂಢಿಯಲ್ಲಿರುವ ಆಪತ್ತಿನ ಸೂಚನೆ. ಕೇಳಿದವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಹಣೆಗೆ ಕಟ್ಟಿಕೊಳ್ಳುವ ಟಾರ್ಚು ಇನ್ನೊಂದು. ಕೈ ಎರಡೂ ಖಾಲಿ ಇರುತ್ತದೆ. ನಮ್ಮಲ್ಲಿ ಕರೆಂಟು ಹೋದಾಗ ಒಗ್ಗರಣೆ ಹಾಕಲೂ ಬಂತು ಅನ್ನಿ!

ಕೈಯಲ್ಲಿ ಸ್ವಲ್ಪ ಹಣವಿದ್ದರೆ ದುರ್ಬೀನು. ಅದರ ಮೇಲೆ 8×42 ಎಂಬಂತೆ ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 20 ಪಟ್ಟಿನದು ಹೆಚ್ಚು ಒಳ್ಳೆಯದೆಂದು ಅಂಗಡಿಯವರು ಹೇಳಿದರೆ ಮರುಳಾಗಬೇಡಿ, ಕೈ ನಡುಗಿದರೆ ಹಕ್ಕಿಯೂ ನಡುಗುತ್ತದೆ. ಎಂಟೇ ಹದ. ಅಷ್ಟು ಹಣ ಬೇಡ ಎಂದರೆ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕ ಕೊಡಿ. ಬೆಟ್ಟ ಹತ್ತದವರೂ ಹಿತ್ತಲಲ್ಲಿ ಕೂತು ಓದಬಹುದು.

ತಿಂಡಿಯ ವಿಷಯ ನಮಗೆ ಯಾರು ಹೇಳಿಕೊಡಬೇಕು! ಆದರೂ ಒಂದು ಮಾತು. ಕಾಡಿನೊಳಗೆ ಪ್ಲಾಸ್ಟಿಕ್ಕಿಗೆ ಕಟ್ಟುನಿಟ್ಟು. ಅಂಗಡಿ ಪೊಟ್ಟಣ ಬಿಟ್ಟು ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ಕೊಡಿ. ಒಂದು ಲೋಟ ರಾಗಿ ಹುರಿಹಿಟ್ಟಿಗೆ ಅರ್ಧ ಲೋಟ ಬೆಲ್ಲದ ಪುಡಿ, ಕಾಲು ಲೋಟ ಹುರಿಗಡಲೆ ಹಿಟ್ಟು, ಚಿಟಿಕೆ ಏಲಕ್ಕಿ ಬೆರೆಸಿಟ್ಟರೆ ಬೆಟ್ಟದ ಮೇಲೆ ನೀರಿನಲ್ಲಿ ಕಲಸಿ ತಿನ್ನಬಹುದು, ಒಲೆ ಬೇಕಿಲ್ಲ. ಬೆವರಿ ಸುಸ್ತಾದಾಗ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆಯಲ್ಲಿ ಎರಡನ್ನೂ ಬೆರೆಸಿ ಒಂದೊಂದು ಲೀಟರಿಗೆ ಒಂದೊಂದು ಕಾಗದದ ಪೊಟ್ಟಣ ಕಟ್ಟಿದೆ.

ಇಷ್ಟೆಲ್ಲ ಕೂಡಿಸಿದ ಮೇಲೆ ಗೊತ್ತಾಯಿತು, ಮುಖ್ಯವಾದದ್ದೇ ಇಲ್ಲ ಎಂದು. ಹೋಗಲು ದಿನ ಬೇಡವೇ? ಅನುಮತಿ ಬೇಡವೇ? ಬಂಡೀಪುರ, ನಾಗರಹೊಳೆಯಲ್ಲಿ ಕಾಲ್ನಡಿಗೆಯಲ್ಲಿ ಸುತ್ತಲು ಬಿಡುವುದಿಲ್ಲ, ವಾಹನದಲ್ಲಿ ಕೂತೇ ನೋಡಬೇಕು. ಕುದುರೆಮುಖ ಹಾಗಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಸುಮಾರು 600 ಚದರ ಕಿಲೋಮೀಟರಿನ ಆ ಕಾಡಿನಲ್ಲಿ ಗೊತ್ತಾದ ದಾರಿಗಳಲ್ಲಿ ನಡೆಯಬಹುದು. ಆದರೆ 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆಯೇ ನೆರೆದ ಮೇಲೆ ಅರಣ್ಯ ಇಲಾಖೆಯವರು ನಿಯಮ ಬಿಗಿ ಮಾಡಿದ್ದಾರೆ. ಮೊದಲೇ ಆನ್‌ಲೈನಿನಲ್ಲಿ ಚೀಟಿ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಮಗನ ಕೈಯಲ್ಲಿ ಒಂದು ಶನಿವಾರಕ್ಕೆ ಸೊಸೆ ಮತ್ತು ಅವಳ ಇಬ್ಬರು ಗೆಳತಿಯರ ಹೆಸರಿನಲ್ಲಿ ಚೀಟಿ ಮಾಡಿಸಿದೆ.

ಬಲಿಪಾಡ್ಯಮಿ ಬೆಳಿಗ್ಗೆ ಆರತಿ ತಟ್ಟೆಯ ಪಕ್ಕ ಒಂದು ಬೆತ್ತದ ಬುಟ್ಟಿ ಇಟ್ಟೆ. ಅದರಲ್ಲಿ ಇಂಬಳದ ಚೀಲ, ಟೋಪಿ, ಪೀಪಿ, ಡಬ್ಬಿಗಳು, ಬೂಟಿನ ದುಡ್ಡಿನ ಲಕೋಟೆ, ಎಲ್ಲದರ ಮೇಲೆ ಆ ಚೀಟಿ. ಸೊಸೆ ಚೀಟಿ ಓದಿದಳು. ಮತ್ತೆ ಓದಿದಳು. "ಮಗು?" ಅಂದಳು.

"ಅದರಪ್ಪ ಇದಾನೆ, ನಾನಿದೀನಿ. ಅವತ್ತು ನಾನು ಅಂದಿದ್ದು ತಮಾಷೆ ಕಣೇ, ಆದರೆ ಅನ್ನಬಾರದಿತ್ತು" ಎಂದೆ. ನಮ್ಮಲ್ಲಿ ಅತ್ತೆ ಸೊಸೆಗೆ ತಪ್ಪಾಯಿತು ಎನ್ನುವ ವಾಡಿಕೆ ಇಲ್ಲ. ಅಂದರೆ ಏನೂ ಕಳೆದುಹೋಗುವುದಿಲ್ಲ ಎಂದು ಅವತ್ತು ತಿಳಿಯಿತು.

ಹೊಸ ಬೂಟನ್ನು ಹೊರಡುವ ಮೊದಲು ಹತ್ತು ದಿನವಾದರೂ ಹಾಕಿ ಪಳಗಿಸಬೇಕು, ಇಲ್ಲದಿದ್ದರೆ ಬೊಬ್ಬೆ ಏಳುತ್ತದೆ. ಸರಿ, ಸೊಸೆ ಬೂಟು ಹಾಕಿಕೊಂಡೇ ಅಡುಗೆಮನೆಯಲ್ಲಿ ದೋಸೆ ಹೊಯ್ದಳು! ನಮ್ಮ ಯಜಮಾನರು ಬಾಗಿಲಲ್ಲಿ ಕಲ್ಲಾಗಿ ನಿಂತರು. "ಇನ್ನೂ ಬೀದಿ ಮುಟ್ಟಿಲ್ಲ ಕಣ್ರೀ, ಮಡಿ ಬೂಟು" ಎಂದೆ. ಅವರು ದೋಸೆ ತಿಂದು ಸುಮ್ಮನಾದರು.

ಹೋದ ಶನಿವಾರದ ಮಾತು ಮಾತ್ರ ಮರೆಯಲಾರೆ. ಕಳಸದ ಹತ್ತಿರದ ಮುಳ್ಳೋಡಿಯಿಂದ ತುದಿಗೆ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ, ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಫೋನು ಸಿಗುವುದಿಲ್ಲ ಎಂದು ಹೇಳಿಯೇ ಹೋಗಿದ್ದಳು. ಆದರೂ ನಾಲ್ಕರಿಂದ ಗಡಿಯಾರ ನೋಡಿದೆ. ಪಕ್ಕದ ಮನೆಯಾಕೆ, "ಮಗು ಬಿಟ್ಟು ಕಳಿಸಿದೀರಲ್ರೀ, ಧೈರ್ಯ ನಿಮ್ಮದು" ಎಂದಾಗ ಒಂದು ಕ್ಷಣ ಕೈಕಾಲು ತಣ್ಣಗಾಯಿತು. ಅಪ್ಪ ಆಗ ಯಾಕೆ ಬೇಡ ಅಂದರೋ ಆ ಸಂಜೆ ನನಗೆ ಅರ್ಥವಾಯಿತು. ಭಯ ಅವರದು, ಬೆಲೆ ಕೊಟ್ಟವಳು ನಾನು. ಈ ಸಲ ಭಯವನ್ನು ನಾನೇ ಇಟ್ಟುಕೊಂಡು ಬೆಟ್ಟವನ್ನು ಅವಳಿಗೆ ಬಿಡುತ್ತೇನೆ ಎಂದುಕೊಂಡು ಮಗುವಿಗೆ ಅನ್ನ ಕಲಸಿದೆ. ಏಳೂವರೆಗೆ ಫೋನು ಬಂತು. "ಇಳಿದು ಬಂದ್ವಿ ಅತ್ತೆ, ಒಂದೂ ಇಂಬಳ ಹತ್ತಲಿಲ್ಲ!"

ಭಾನುವಾರ ರಾತ್ರಿ ಬಂದಳು. ಮಗುವಿಗೆ ಒಂದು ಕಲ್ಲನ್ನಾದರೂ ತರಬಾರದಿತ್ತೇ ಎಂದರೆ, "ಕಾಡಿನಿಂದ ಏನೂ ತರಬಾರದು ಅತ್ತೆ, ಕಸ ಮಾತ್ರ ತರಬೇಕು" ಎಂದು ಖಾಲಿ ಕಾಗದದ ಪೊಟ್ಟಣಗಳನ್ನೆಲ್ಲ ಎಣಿಸಿ ಕೊಟ್ಟಳು. ಊಟ ಮಾಡುತ್ತಾ ಹುಲ್ಲುಗಾವಲು, ಅದರ ಮಡಿಲಲ್ಲಿನ ಶೋಲಾ ಕಾಡು, ತುದಿಯಲ್ಲಿ ಮೋಡ ಕಾಲಡಿಗೆ ಬಂದದ್ದು, ಎಲ್ಲ ಹೇಳಿದಳು. ನಾಲ್ಕು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಕೊನೆಗೆ ಕೆಸರಾದ ಇಂಬಳದ ಚೀಲವನ್ನು ಬಕೆಟ್ಟಿಗೆ ಹಾಕುತ್ತಾ, "ಇನ್ನೊಂದು ಜೊತೆ ಹೊಲೀರಿ ಅತ್ತೆ. ಈ ಸಲ ನಿಮ್ಮ ಕಾಲಿನ ಅಳತೆಗೆ. ಮುಳ್ಳಯ್ಯನಗಿರಿಗೆ ಬಹುಪಾಲು ದಾರಿ ಗಾಡಿಯೇ ಹೋಗತ್ತೆ" ಎಂದಳು. ಕೋಡುಬಳೆಯ ಕತೆಯನ್ನು ಮಗ ಹೇಳಿರಬೇಕು.

ಕೋರಾ ಬಟ್ಟೆ ತಂದಿದ್ದೇನೆ. ಇನ್ನೂ ಕತ್ತರಿಸಿಲ್ಲ. ನೀವೂ ಒಮ್ಮೆ ಅಟ್ಟ ಹತ್ತಿ ನೋಡಿ ಸೋದರಿಯರೆ, ನಿಮ್ಮ ಮನೆಯಲ್ಲಿ ಯಾರ ಗಂಟು ಮೂಲೆಯಲ್ಲಿದೆಯೋ.