ಹಾವುರಾಣಿಯ ದ್ವೀಪ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಕೋನಪ್ಪನ ಅಗ್ರಹಾರವೆಂಬ ಊರುಂಟು. ಈ ಊರಿನ ಮತ್ತು ನೆರೆಯ ದೊಡ್ಡತೋಗೂರಿನ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಮೊನ್ನೆ ಬೆಳಿಗ್ಗೆ ನಾವು ಅತ್ತ ಹೋದಾಗ, ಎರಡು ಕಾರ್ಖಾನೆಗಳ ಗೋಡೆಗಳ ನಡುವೆ ಉಳಿದಿದ್ದ ಬಂಡೆಯೊಂದರ ಮಗ್ಗುಲಲ್ಲಿ ಬಿಸಿಲು ಕಾಯುತ್ತಿದ್ದ ಹಾವುರಾಣಿಯನ್ನು ಕಂಡೆವು. ಅಷ್ಟರಲ್ಲಿ ಕಾವಲಿನವನು ಕೋಲೆತ್ತಿ ಓಡಿಬಂದು, "ದೂರ ಸರಿಯಿರಿ ಸ್ವಾಮಿ, ವಿಷದ ಪ್ರಾಣಿ" ಎಂದನು. ನಾವು ಅವನ ಕೈಯನ್ನು ತಡೆದೆವು.

ಹಾವುರಾಣಿಯು ಹಾವಲ್ಲ, ಹಲ್ಲಿ ಓತಿಗಳ ಬಳಗಕ್ಕೆ ಸೇರಿದುದು. ಅದರಲ್ಲಿ ವಿಷವು ಲೇಶಮಾತ್ರವೂ ಇಲ್ಲ. ಕಂಚಿನಂತೆ ಹೊಳೆಯುವ ಮೈ, ಗಿಡ್ಡ ಕಾಲುಗಳು, ಹರಿದಾಡುವಂಥ ನಡೆ, ಇವುಗಳಿಂದಲೇ ಅದಕ್ಕೆ ಹಾವಿನ ಹೆಸರೂ ಹಾವಿನ ಪಾಲಿನ ಪೆಟ್ಟೂ ಬಂದಿವೆ. ಮಿಡತೆ, ಗೆದ್ದಲು, ಜಿರಲೆಗಳು ಅದರ ಆಹಾರ. ವೈರಿಯು ಹಿಡಿದರೆ ಬಾಲವನ್ನು ಕಳಚಿಬಿಡುವುದು. ಆ ತುಂಡು ಮಿಡುಕುತ್ತಿರುವಾಗ ತಾನು ಪಾರಾಗುವುದು. ಬಾಲವು ಮತ್ತೆ ಬೆಳೆಯುವುದು.

ಆದರೆ ಕಳಚಿಕೊಂಡು ಓಡುವುದಾದರೂ ಎಲ್ಲಿಗೆ? ಸುತ್ತಲೂ ಡಾಂಬರು, ಸಿಮೆಂಟು. ಆ ಬಂಡೆಯೇ ಅದಕ್ಕೆ ದ್ವೀಪ. ದ್ವೀಪವಾಸಿಗಳಿಗೆ ಒದಗುವ ಗತಿಯನ್ನು ವಾಚಕರು ಕೇಳಬೇಕು. ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪವಿದೆ. ಅಲ್ಲಲ್ಲದೆ ಬೇರೆಲ್ಲಿಯೂ ಇರದ ಹಾವುರಾಣಿಗಳು ಅಲ್ಲಿ ಹೇರಳವಾಗಿದ್ದುವು. 1980ರ ದಶಕದಲ್ಲಿ ಹೊರಗಿನ ತೋಳಹಾವು ಬಂದು ಸೇರಿತು. ಅವುಗಳ ನಾಶಕ್ಕೆ ಇದೇ ಮುಖ್ಯ ಕಾರಣವೆಂದು ಶಾಸ್ತ್ರಜ್ಞರು ಎಣಿಸುತ್ತಾರೆ. ಅಲ್ಲಿಯ ಕಾಡು ಹಾವುರಾಣಿಗಳಲ್ಲಿ ಕಡೆಯದಾದ 'ಗಂಪ್' ಎಂಬ ಹೆಣ್ಣು 2014ರ ಮೇ 31ರಂದು ಪಂಜರದಲ್ಲಿಯೇ ಸತ್ತಿತು. ಆ ಕುಲವೇ ಅಳಿಯಿತು. ನೀಲಿ ಬಾಲದ ಇನ್ನೊಂದು ಜಾತಿಯನ್ನು ಮಾತ್ರ 2009ರಿಂದ ಹಿಡಿದು ಸಾಕಿದುದರಿಂದ ಅದು ಬದುಕಿತು. 2019ರಲ್ಲಿ ಕೆಲವನ್ನು ಕೊಕೋಸ್ ದ್ವೀಪಗಳಲ್ಲೊಂದಾದ ಪುಲು ಬ್ಲಾನ್‌ನಲ್ಲಿ ಬಿಟ್ಟರು.

ನಮ್ಮ ನಾಡಿನ ಹಾವುರಾಣಿಗೆ ಇನ್ನೂ ಅಂಥ ಕಾಲ ಬಂದಿಲ್ಲ, ನಿಜ. ಆದರೆ ಆ ಬಂಡೆಯ ಮಟ್ಟಿಗೆ ಒಂದು ಕೋಲೇ ಸಾಕು.

ಇದೆಲ್ಲವನ್ನೂ ಕೇಳಿದ ಕಾವಲಿನವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರಿನಲ್ಲಿ ನಮ್ಮ ಹಿತ್ತಿಲಲ್ಲಿ ಎಷ್ಟೋ ಕೊಂದಿದ್ದೇನೆ, ಸ್ವಾಮಿ" ಎಂದನು. ಕೋಲನ್ನು ಗೋಡೆಗೆ ಒರಗಿಸಿದನು. ಹಾವುರಾಣಿಯು ಬಿರುಕಿನೊಳಗೆ ಸರಿದುಹೋಯಿತು.

ಮನೆಯ ಹಿತ್ತಿಲಲ್ಲಿ ಅದನ್ನು ಕಂಡ ತಾಯಂದಿರು ಪೊರಕೆಯನ್ನೆತ್ತದೆ, ಒಂದು ಮೂಲೆಯಲ್ಲಿ ನಾಲ್ಕು ಕಲ್ಲನ್ನೂ ತರಗೆಲೆಯನ್ನೂ ಹಾಗೆಯೇ ಬಿಟ್ಟರೆ ಅದಕ್ಕೆ ಅಷ್ಟೇ ಸಾಕು.