ಮಾಳಿಗೆಗೆ ಮಣ್ಣು ಹಾಕುವವರು ಯಾರು?

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಊರೊಳಗೆ ಹೊಕ್ಕರೆ ಬೀಗ ಹಾಕಿದ ದೊಡ್ಡ ಮನೆ ಒಂದಾದರೂ ಕಾಣುತ್ತದೆ. ಕಲ್ಲಿನ ಗೋಡೆ, ಸಾಗವಾನಿ ಬಾಗಿಲು, ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯಂಚಿನಲ್ಲಿ ಹುಲ್ಲು ಎದ್ದಿದೆ, ಗೋಡೆಯ ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟಿದೆ. ಪಕ್ಕದಲ್ಲೇ ತಗಡು ಹೊದೆಸಿದ ಎರಡು ಖೋಲಿಯ ಮನೆ, ಸುಣ್ಣ ಬಳಿದು ಚೊಕ್ಕವಾಗಿದೆ. ಇದ್ದವರ ಮನೆ ಬೀಳುತ್ತದೆ, ಇಲ್ಲದವರ ಮನೆ ನಿಲ್ಲುತ್ತದೆ. ಇದು ಹೇಗೆ?

ಕಟ್ಟೆಯ ಮೇಲಿದ್ದ ಹಿರಿಯರನ್ನು ಕೇಳಿದೆ. "ಮುತ್ಯಾ, ಈ ಮನಿ ಯಾರ್ದ್ರಿ?"

"ಅಣ್ಣತಮ್ಮರ್ದು ಅದ. ಒಬ್ಬಾಂವ ಪುಣಾದಾಗ ಇದ್ದಾನ, ಒಬ್ಬಾಂವ ಹೈದರಾಬಾದದಾಗ. ಅಕ್ಕತಂಗೇರ್ದೂ ಪಾಲ ಅದ. ಮಣ್ಣ ಹಾಕೋರು ಯಾರಂತ ಕೇಳ್ರಿ, ಒಬ್ರೂ ಇಲ್ಲ."

ಮಾಳಿಗೆ ಮನೆಯ ಪಾಲನೆ ಕಷ್ಟದ್ದಲ್ಲ. ಮಿರಗದ (ಮೃಗಶಿರಾ) ಮಳೆ ಬರುವ ಮೊದಲು ಹುಲ್ಲು ಕಿತ್ತು, ಸವಳು ಮಣ್ಣು ಹರಡಿ, ತುಳಿದು, ನೀರು ಹರಿಯುವ ಇಳಿಜಾರು ಸರಿಮಾಡಬೇಕು. ನೀರು ಹೊರಬೀಳುವ ದೋಣಿಯ ಬಾಯಿ ಕಟ್ಟಿಕೊಂಡಿರಬಾರದು. ಇದನ್ನು ಬಿಟ್ಟರೆ ನೀರು ಒಳಗಿಳಿಯುತ್ತದೆ, ಮಣ್ಣು ತೊಯ್ದು ಭಾರವಾಗುತ್ತದೆ, ಕೆಳಗಿನ ತೊಲೆ, ಜಂತಿ ಕೊಳೆಯುತ್ತವೆ. ಮಳೆ ನಿಂತು ಬಿಸಿಲು ಬಿದ್ದ ದಿನವೂ ಅಂಥ ಮಾಳಿಗೆಯನ್ನು ನಂಬುವಂತಿಲ್ಲ.

2019ರ ಜೂನ್‌ನಲ್ಲಿ ಬಸವಕಲ್ಯಾಣ ಪಟ್ಟಣದಲ್ಲಿ ಮನೆಯೊಂದರ ಮಾಳಿಗೆ ರಾತ್ರಿ ಕುಸಿದು ಒಂದೇ ಕುಟುಂಬದ ಆರು ಮಂದಿ ಸತ್ತರು. ಅವರಲ್ಲಿ ನಾಲ್ವರು ಮಕ್ಕಳು. ಆ ಮನೆಯ ಪಾಲಿನ ಲೆಕ್ಕಕ್ಕೂ ಆ ಸಾವಿಗೂ ನಾನು ಗಂಟು ಹಾಕುತ್ತಿಲ್ಲ. ಆದರೆ ಅದಾದ ಮೇಲೆ ಈ ಸೀಮೆಯ ಹುಲ್ಲು ಬೆಳೆದ ಮಾಳಿಗೆಯನ್ನು ನೋಡಿದಾಗಲೆಲ್ಲ ಕೆಳಗೆ ಯಾರು ಮಲಗುತ್ತಾರೆ ಎಂದು ವಿಚಾರಿಸುತ್ತೇನೆ. ಬೀಗ ಹಾಕಿದ ಮನೆಯೂ ಒಂಟಿಯಾಗಿರುವುದಿಲ್ಲ. ಅದರ ಗೋಡೆ ಪಕ್ಕದವರ ಗೋಡೆಯೂ ಹೌದು.

ಅದೇ ವರ್ಷ ರಾಜ್ಯದಲ್ಲಿ ಬಂದ ನೆರೆಯ ನಂತರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ರಾಜ್ಯ ಸರಕಾರ ಘೋಷಿಸಿತು. ಮನೆ ಬಿದ್ದವರಿಗೆ ಅದು ಬೇಕೇಬೇಕಿತ್ತು. ನನಗೆ ಬಗೆಹರಿಯದ್ದು ಬೇರೆ. ಬಿದ್ದ ಮೇಲೆ ಲಕ್ಷಗಳು ಬರುವ ಮನೆಗೆ, ಬೀಳುವ ಮೊದಲು ಒಂದು ಟ್ರ್ಯಾಕ್ಟರ್ ಸವಳು ಮಣ್ಣಿನ ದುಡ್ಡು ಯಾವ ಕಡೆಯಿಂದಲೂ ಯಾಕೆ ಹುಟ್ಟುವುದಿಲ್ಲ?

ಮುತ್ಯಾ ಹೇಳಿದ ಕಾರಣ ಪಾಲು. ಆ ಪಾಲಿನ ಲೆಕ್ಕ ಬರೆದ ಊರು ಇದೇ ಬಸವಕಲ್ಯಾಣ, ಅಂದಿನ ಕಲ್ಯಾಣ ಎಂಬುದು ನನ್ನನ್ನು ಬಿಡದೆ ಕಾಡುತ್ತದೆ. ಆರನೆಯ ವಿಕ್ರಮಾದಿತ್ಯ ಕಲ್ಯಾಣದಲ್ಲಿ ಆಳುತ್ತಿದ್ದಾಗ, ಅಂದರೆ 1076ರಿಂದ 1126ರ ನಡುವೆ, ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಮಾತನ್ನು ಗಟ್ಟಿಯಾಗಿ ನಿಲ್ಲಿಸಿದ ಗ್ರಂಥ ಅದು. ಅದರ ದಾಯವಿಭಾಗ, ಅಂದರೆ ಆಸ್ತಿ ಹಂಚಿಕೆಯ ಪ್ರಕರಣವನ್ನು ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳು ಅದನ್ನೇ ಆಧರಿಸಿ ತೀರ್ಮಾನವಾದವು. ಹೆಣ್ಣುಮಕ್ಕಳು ಆ ಲೆಕ್ಕದೊಳಗೆ ಬರಲು ಬಹಳ ಕಾಲ ಹಿಡಿಯಿತು. ಕರ್ನಾಟಕ 1994ರಲ್ಲಿ ಕಾನೂನು ತಿದ್ದಿತು, ಇಡೀ ದೇಶಕ್ಕೆ 2005ರಲ್ಲಿ ತಿದ್ದುಪಡಿ ಬಂತು, ಮಗಳ ಹಕ್ಕೂ ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಇದು ನ್ಯಾಯ. ಅಕ್ಕತಂಗಿಯರ ಪಾಲಿನಿಂದ ಮನೆ ಬಿತ್ತು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಅವರಿಗೆ ಪಾಲೇ ಇಲ್ಲದಿದ್ದ ಕಾಲದಲ್ಲೂ ಅಣ್ಣತಮ್ಮಂದಿರ ವಾಡೆಗಳು ಹೀಗೇ ಬಿದ್ದಿವೆ. ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ, ಗೋಡೆಯ ಅವಸ್ಥೆ ಬೇರೆಯಲ್ಲ.

ಅದೇ ಮಿತಾಕ್ಷರೆಯ ಇನ್ನೊಂದು ಪ್ರಕರಣವನ್ನು ನಾವು ಮರೆತಂತಿದೆ. ಊರಿನವರು, ಸಂಘದವರು ತಮ್ಮೊಳಗೆ ಮಾಡಿಕೊಂಡ ಒಪ್ಪಂದದ ಬಗ್ಗೆ ಅದು ಹೇಳುತ್ತದೆ. ದನ ಮೇಯುವ ಜಾಗ, ನೀರಿನ ರಕ್ಷಣೆ, ಗುಡಿಯ ಪಾಲನೆ ಇಂಥವನ್ನೇ ವಿಜ್ಞಾನೇಶ್ವರ ಉದಾಹರಣೆ ಕೊಡುತ್ತಾನೆ. ಇಂಥ ಕಟ್ಟಳೆಗಳನ್ನು ಜತನದಿಂದ ಪಾಲಿಸಬೇಕು ಎನ್ನುತ್ತಾನೆ. ಒಪ್ಪಂದ ಮೀರಿದವನಿಗೆ, ಸಮೂಹದ ಸೊತ್ತು ಕದ್ದವನಿಗೆ ಸ್ಮೃತಿ ಹೇಳುವ ಶಿಕ್ಷೆ ಆಸ್ತಿಯ ಮುಟ್ಟುಗೋಲು ಮತ್ತು ಗಡೀಪಾರು. ಶಿಕ್ಷೆ ವಿಪರೀತ ಕ್ರೂರ, ಅದು ನಮಗೆ ಬೇಡ. ಆದರೆ ಹಕ್ಕನ್ನೂ ಪಾಲನೆಯನ್ನೂ ಒಂದೇ ಗ್ರಂಥದಲ್ಲಿ ಓದಬಹುದಿತ್ತು. ನಾವು ಪಾಲಿನ ಪುಟಗಳನ್ನಷ್ಟೇ ಇಟ್ಟುಕೊಂಡೆವು.

ಪಾಲನೆಯ ಆ ಮಾತು ಮತ್ತೆ ಕಾಡಿದ್ದು ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ. ಅಲ್ಲಿನ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪವಿದೆ. ಅವಳು ಬರೆಯುತ್ತಿರುವುದು ಇದೇ ವಿಕ್ರಮಾದಿತ್ಯನ ಹೊಗಳಿಕೆ. ಎಲ್ಲರೂ ಅವಳ ಚೆಲುವು ನೋಡಲು ಬರುತ್ತಾರೆ, ನಾನೂ ಬಹಳ ಹೊತ್ತು ನಿಂತು ನೋಡಿದೆ. ಆ ಕಾಲದಲ್ಲಿ ಊರಿನ ಸುದ್ದಿಯೂ ಕಟ್ಟಳೆಯೂ ಕಲ್ಲಿನ ಮೇಲೂ ಬರುತ್ತಿದ್ದವು. ಕನ್ನಡ ನಾಡಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಿವರ ಇಲ್ಲಿ ನೆನಪಾಯಿತು. ಗುಡಿಗೆ ಭೂಮಿ ಬಿಡುವಾಗ ಪೂಜೆಗೆ, ದೀಪಕ್ಕೆ ಇಷ್ಟು ಎಂದು ಬರೆದು, ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಮುರಿದದ್ದು, ಸೀಳಿದ್ದು, ಹಳತಾದದ್ದನ್ನು ಸರಿಪಡಿಸಲು ಎಂದೂ ಬರೆಯುತ್ತಿದ್ದರು. ದುರಸ್ತಿಯ ದುಡ್ಡು ಯಾವ ಹೊಲದಿಂದ ಬರಬೇಕೆಂದು ಕಲ್ಲು ಸಾಕ್ಷಿಯಾಗಿ ಹೇಳುತ್ತಿತ್ತು. ಗೋಡೆ ಬಿರುಕು ಬಿಟ್ಟೇ ಬಿಡುತ್ತದೆ ಎಂದು ಕಟ್ಟಿಸಿದವರಿಗೆ ಗೊತ್ತಿತ್ತು.

ಇಂದಿನ ಕಾಗದಗಳಲ್ಲಿ ಆ ಸಾಲು ಎಲ್ಲಿದೆ? ಅಜ್ಜನ ಕಾಲದ ದಸ್ತಾವೇಜು ಉರ್ದುವಿನಲ್ಲಿದೆ, ಯಾಕೆಂದರೆ ಈ ಬೀದರ್ ಸೀಮೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಕನ್ನಡ ರಾಜ್ಯಕ್ಕೆ ಸೇರಿದ 1956ರ ನಂತರದ್ದು ಕನ್ನಡದಲ್ಲಿ. ಈಗ ಪಂಚಾಯಿತಿಯ ಇ-ಸ್ವತ್ತು, ನಮೂನೆ 9, ನಮೂನೆ 11. ಮಾಲೀಕರ ಹೆಸರು, ಉದ್ದ, ಅಗಲ, ಚಕ್ಕುಬಂದಿ, ಕಂದಾಯ ಎಲ್ಲ ಬರುತ್ತದೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಜಾಗಗಳಿಗೆ ಸುಣ್ಣದ ಗೆರೆ ಎಳೆದು ಡ್ರೋನ್‌ನಿಂದ ಅಳತೆ ಮಾಡಿದರು. ಗಡಿ ಎಲ್ಲಿದೆ ಎಂಬುದು ಆಕಾಶದಿಂದಲೂ ಕಾಣುವಂತಾಯಿತು. ಆ ಗಡಿಯೊಳಗಿನ ಮಾಳಿಗೆಗೆ ಈ ವರ್ಷ ಮಣ್ಣು ಹಾಕಬೇಕಾದವರು ಯಾರು ಎಂಬ ಕಲಮು ಮಾತ್ರ ಯಾವ ನಮೂನೆಯಲ್ಲೂ ಇಲ್ಲ.

ಇಂಥ ಇನ್ನೊಂದು ಮನೆತನದಲ್ಲಿ ಊರಲ್ಲೇ ಉಳಿದ ತಮ್ಮನೊಬ್ಬ ಮಣ್ಣು ಹಾಕಿಸದ ಕಾರಣ ಬಿಡಿಸಿ ಹೇಳಿದ. "ನಾ ಮಣ್ಣ ಹಾಕ್ಸಿದ್ರ, ಮನಿ ನುಂಗ್ಲಾಕ ಹತ್ಯಾನ ಅಂತಾರ ಸರ್. ಹಾಕ್ಸಲಿಲ್ಲಂದ್ರ, ಊರಾಗಿದ್ದೂ ನೋಡಲಿಲ್ಲ ಅಂತಾರ." ಈ ಭಯ ನಿಜವಾದದ್ದು, ಆದರೆ ಕಾನೂನು ಅವನ ಕಡೆಗಿದೆ. ಒಬ್ಬ ಪಾಲುದಾರನ ಸ್ವಾಧೀನವನ್ನು ಎಲ್ಲ ಪಾಲುದಾರರ ಪರವಾದ ಸ್ವಾಧೀನ ಎಂದೇ ನ್ಯಾಯಾಲಯಗಳು ಎಣಿಸುತ್ತವೆ. ಉಳಿದವರ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿ ಹೊರಗಿಟ್ಟರೆ ಮಾತ್ರ ಪ್ರಶ್ನೆ ಬೇರೆ. ಮಾಳಿಗೆಗೆ ಮಣ್ಣು ಹಾಕಿದ ಮಾತ್ರಕ್ಕೆ ಯಾರ ಪಾಲೂ ಹೋಗುವುದಿಲ್ಲ. ಇದನ್ನು ಊರೂರಲ್ಲಿ ಹೇಳಬೇಕು.

ಹೇಳುವುದು ಹೇಗೆ? ಸುದ್ದಿಗೆ ಇಲ್ಲಿ ಬರವಿಲ್ಲ. ಗುಡಿಯ ಮೈಕಿನಲ್ಲಿ ನೀರು ಬಿಡುವ ಹೊತ್ತು, ರೇಶನ್ ಕೊಡುವ ದಿನ, ಮನೆ ಕಂದಾಯದ ಗಡುವು, ತಪ್ಪಿಸಿಕೊಂಡ ಎಮ್ಮೆ ಎಲ್ಲ ಕೇಳಿಸುತ್ತದೆ. ಊರಲ್ಲಿ ಒಂದು ಸಾವಾದರೆ ಪುಣೆಯಲ್ಲಿರುವವರ ಮೊಬೈಲಿಗೆ ಕ್ಷಣದಲ್ಲಿ ತಲುಪುತ್ತದೆ, ಅವರು ರಾತ್ರಿ ಬಸ್ಸಿಗೇ ಹೊರಟು ಬರುತ್ತಾರೆ. ಇಂಥವರ ಗೋಡೆ ವಾಲಿದೆ ಎಂಬ ಸುದ್ದಿಯನ್ನು ಮಾತ್ರ ಯಾರೂ ಮೈಕಿನಲ್ಲಿ ಹೇಳುವುದಿಲ್ಲ. ಮನೆತನದ ಮಾನ ಹೋಗುತ್ತದಂತೆ. ಗೋಡೆ ವಾಲಿರುವುದನ್ನು ಊರೆಲ್ಲ ಕಂಡಿರುವಾಗ ಬಾಯಿಬಿಟ್ಟು ಹೇಳಿದರೆ ಹೋಗುವ ಮಾನ ಯಾವುದು, ನನಗೆ ಇನ್ನೂ ತಿಳಿದಿಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಮಿರಗಕ್ಕೆ ಮುಂಚಿನ ಸಭೆಯಲ್ಲಿ ವಾಲಿದ ಗೋಡೆ, ಹುಲ್ಲು ಬೆಳೆದ ಮಾಳಿಗೆಗಳ ಪಟ್ಟಿ ಓದಲಿ. ಓದುವ ಮುನ್ನ ಮನೆತನದವರಿಗೆ ಒಂದು ಫೋನು ಹೋಗಲಿ. ಪಾಲಿನ ಪತ್ರ ಬರೆಸುವವರಲ್ಲಿ ನನ್ನ ವಿನಂತಿ ಇಷ್ಟು: ಯಾರಿಗೆ ಎಷ್ಟು ಖಣ ಎಂದು ಬರೆಸಿದ ಮೇಲೆ ಇನ್ನೊಂದು ಸಾಲು ಸೇರಿಸಿ. ಮನೆ ಹಂಚುವವರೆಗೆ ದುರಸ್ತಿ ಯಾರು ಮಾಡಿಸಬೇಕು, ಖರ್ಚಿಗೆ ಯಾರು ಎಷ್ಟು ಕೊಡಬೇಕು, ಮಾಡಿಸಿದವರಿಗೆ ಆ ದುಡ್ಡು ಹೇಗೆ ಮರಳಬೇಕು. ಜಾತ್ರೆಗೆ ಊರಿಗೆ ಬಂದವರು ತೇರು ಎಳೆದು ಹೋಗುವ ಮೊದಲು ಒಮ್ಮೆ ಏಣಿ ಹಾಕಿ ನಿಮ್ಮ ಮಾಳಿಗೆ ಹತ್ತಿ ನೋಡಿ.