ಅಗಸಿ ಎಣ್ಣೆಯ ಬಣ್ಣ

ದೇಗಾಂವದವರಿಗೆ ಕಲೆ ಎಂದರೆ ಕಲ್ಲು. 12ನೇ ಶತಮಾನದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿಯ ಕಂಬಗಳನ್ನು ಸವರುತ್ತಲೇ ಬೆಳೆದವರು ನಾವು. ಬೆಳಗಾವಿಯಲ್ಲಿ ತೈಲಚಿತ್ರಗಳ ಪ್ರದರ್ಶನ, ಉದ್ಘಾಟನೆಗೆ ಬರಲೇಬೇಕು ಎಂಬ ಕರೆ ಬಂದಾಗ ಒಂದು ಕೈ ನೋಡಿಯೇ ಬಿಡೋಣ ಎಂದು ಹೊರಟೆ.

ಕಿತ್ತೂರಿನಲ್ಲಿ ಬಸ್ಸು ಹತ್ತುತ್ತೇನೆ. ಪಕ್ಕದ ಕಿಟಕಿಯ ಗಾಜು ಮುಂದಕ್ಕೂ ಸರಿಯದು, ಹಿಂದಕ್ಕೂ ಸರಿಯದು. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆ ದಾಟಿ, ಹಿರೇಬಾಗೇವಾಡಿ ಕಳೆದು ಮುಂದೆ ಹೋದರೆ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ. ಅಷ್ಟು ದೊಡ್ಡ ಕಟ್ಟಡವನ್ನು ಬಸ್ಸಿನವರೆಲ್ಲ ಪ್ರತಿಸಲವೂ ಹೊಸದಾಗಿ ಕತ್ತು ಹೊರಳಿಸಿ ನೋಡುತ್ತಾರೆ!

ಬೆಳಗಾವಿಗೆ ಎಣ್ಣೆಬಣ್ಣದ ನಂಟು ಹಳೆಯದು. ಇಲ್ಲಿ ‘ಚಿತ್ರಮಂದಿರ’ ಎಂಬ ಕಲಾಶಾಲೆ ನಡೆಸಿದ ಕೆ.ಬಿ. ಕುಲಕರ್ಣಿ ಅನೇಕರಿಗೆ ಕುಂಚ ಹಿಡಿಸಿದ ಗುರುಗಳು. ಹೆಸರಾಂತ ಕಲಾವಿದ ರವಿ ಪರಾಂಜಪೆ ಈ ಕುಲಕರ್ಣಿಯವರ ಶಿಷ್ಯ. ಟಿಳಕವಾಡಿಯ ವರೇರಕರ ನಾಟ್ಯ ಸಂಘದ ಕಲಾ ಗ್ಯಾಲರಿಗೆ ಕುಲಕರ್ಣಿಯವರದೇ ಹೆಸರು.

ನಾನು ಹೋದ ಸಭಾಂಗಣದಲ್ಲಿ ಅತಿಥಿಗಳ ದಾರಿ ಕಾಯುವುದೇ ಮೊದಲ ಕಾರ್ಯಕ್ರಮ. ಸಮೆಯ ದೀಪ ನಿಲ್ಲಲೆಂದು ಫ್ಯಾನು ಆರಿಸುತ್ತಾರೆ. ದೀಪ ಬೆಳಗುತ್ತದೆ, ನಾವು ಬೆವರುತ್ತೇವೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಕನ್ನಡದಲ್ಲೊಂದು ಭಾಷಣ, ಮರಾಠಿಯಲ್ಲೊಂದು. ಕುರ್ಚಿಗಳೆಲ್ಲ ವೇದಿಕೆಯತ್ತ ಮುಖ ಮಾಡಿವೆ. ಚಿತ್ರಗಳಿರುವುದು ನಮ್ಮ ಬೆನ್ನ ಹಿಂದೆ.

ಭಾಷಣ ಮುಗಿದದ್ದೇ ಎಲ್ಲರೂ ಒಮ್ಮೆಲೇ ತಿರುಗುತ್ತಾರೆ. ಕೆಮ್ಮಣ್ಣಿನ ಓಣಿ, ಎಮ್ಮೆಯ ಹೊಳೆಯುವ ಬೆನ್ನು, ಸಂತೆಯ ಬದನೆಕಾಯಿ. ಹತ್ತಿರ ಹೋದರೆ ಎಮ್ಮೆಯೇ ಇಲ್ಲ, ಬರೀ ಬಣ್ಣದ ಮುದ್ದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮತ್ತೆ ಎಮ್ಮೆ! ಗುಡಿಯ ಶಿಲ್ಪವನ್ನು ನಾವು ಹತ್ತಿರ ಹೋದಷ್ಟೂ ಕಾಣುತ್ತೇವೆ. ಇಲ್ಲಿ ದೂರ ಸರಿದಷ್ಟೂ ಕಾಣುತ್ತದೆ.

ಪಕ್ಕದ ಅಜ್ಜ ಬೆರಳು ಚಾಚುತ್ತಾರೆ. "ಅಜ್ಜಾರ, ಕೈ ಹಚ್ಚಬ್ಯಾಡ್ರಿ, ಇನ್ನೂ ಹಸಿ ಐತಿ," ಎಂದು ಕಲಾವಿದೆ ಓಡಿ ಬರುತ್ತಾಳೆ. ಬರೆದು ಎಷ್ಟೋ ದಿನವಾದರೂ ಹಸಿಯೇ? ಹೌದಂತೆ. ಬಣ್ಣದ ಪುಡಿಯನ್ನು ಅರೆಯುವುದು ಅಗಸಿ ಎಣ್ಣೆಯಲ್ಲಿ. ಅದು ನೀರಿನ ಹಾಗೆ ಆವಿಯಾಗಿ ಒಣಗದು. ಗಾಳಿಯ ಆಮ್ಲಜನಕ ಹೀರಿಕೊಂಡು ಮೆಲ್ಲಗೆ ಗಟ್ಟಿಯಾಗುತ್ತದೆ. ದಪ್ಪ ಬಣ್ಣವಾದರೆ ಒಳಗೆಲ್ಲ ಗಟ್ಟಿಯಾಗಲು ತಿಂಗಳುಗಳೇ ಬೇಕು. ಬೇಗ ಹಳದಿಯಾಗಬಾರದೆಂದು ಬಿಳಿ ಬಣ್ಣಕ್ಕೆ ಕುಸುಬಿ ಎಣ್ಣೆ ಬಳಸುವುದೂ ಉಂಟು. ಲಿನನ್ ಕ್ಯಾನ್ವಾಸಿನ ನೂಲೂ ಅಗಸಿ ಗಿಡದ ನಾರೇ!

ನನಗೆ ನಗು ತಡೆಯಲಾಗಲಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿ, ಹೊಲದ ಮುಳ್ಳು ಕುಸುಬಿ: ಯುರೋಪಿನ ದೊಡ್ಡ ವಿದ್ಯೆ ಎಂದುಕೊಂಡದ್ದಕ್ಕೆ ನಮ್ಮ ಎರಿ ಹೊಲದ ಬೆಳೆಗಳೇ ಆಧಾರ! "ಹಂಗಾರ ನಮ್ಮ ಗಾಣದ ಎಣ್ಣಿ ತಂದು ಕೊಡ್ಲೇನವಾ?" ಎಂದೆ. "ಅದು ರೊಟ್ಟಿಗೇ ಇರಲಿ ಕಾಕಾ, ಇದಕ್ಕ ಶುದ್ಧ ಮಾಡಿದ್ದು ಬೇಕು," ಎಂದು ನಕ್ಕಳು. ಆಮೇಲೆ ಎಲ್ಲರೆದುರು ಆ ಅಜ್ಜನ ಮುಖವನ್ನೇ ಬರೆಯಲು ಕೂತಳು. ಕುಂಚ ಒರೆಸುವ ಅರಿವೆ ಹಿಡಿಯುವ ಕೆಲಸ ನನಗೆ.

ರಾತ್ರಿ ಬಸ್ಸಿನಲ್ಲಿ ಕಂಡಕ್ಟರು ಮೂಗು ಅರಳಿಸಿದ. "ಟರ್ಪೆಂಟೈನ್ ವಾಸನಿ ಬರಾಕತ್ತೈತಿ. ಪೇಂಟಿಂಗ್ ಕೆಲಸಕ್ಕ ಹೋಗಿದ್ರೇನ್ರಿ?"

"ನೋಡಾಕ ಹೋಗಿದ್ದೆ."

"ಬರೇ ನೋಡಾಕ? ಪಗಾರ?"

"ಕುಂದಾ ಕೊಟ್ರು," ಎಂದೆ. ಬೆಳಗಾವಿಯ ಕುಂದಾ ಎಂದ ಮೇಲೆ ಅವನೂ ತಕರಾರು ಮಾಡಲಿಲ್ಲ.